ಜ್ವರದಲ್ಲಿ ಫಿಟ್ಸ್ ಬಂದ ಮಗುವಿನ ಅಪ್ಪ-ಅಮ್ಮನಿಗೆ

14 ತಿಂಗಳ ಮಗನಿಗೆ ಜ್ವರದಲ್ಲಿ ಫಿಟ್ಸ್ ಬಂತು, ಡಾಕ್ಟರ್ ನೋಡಿ ಮನೆಗೆ ಕಳಿಸಿದರೂ ನಿದ್ದೆ ಹತ್ತುತ್ತಿಲ್ಲ, ಇದು ಮೂರ್ಛೆರೋಗವಾ ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಹೀಗೇ ಆಗಿತ್ತು. ಕಣ್ಣುಗುಡ್ಡೆ ಮೇಲೆ ಹೋಗಿ, ತುಟಿ ನೀಲಿಯಾಗಿ, ತೊಡೆ ಮೇಲಿದ್ದ ಕೂಸು ಕೊರಡಿನಂತೆ ಸೆಟೆದುಕೊಂಡಿತ್ತು. ಎರಡು ನಿಮಿಷ ಇರಬಹುದು, ನನಗೆ ಮುಗಿಯಲೇ ಇಲ್ಲ. ಅತ್ತೆ ಕೈಗೆ ಕಬ್ಬಿಣದ ಕೀಲಿ ಹಿಡಿಸಿದರು, ಪಕ್ಕದ ಮನೆಯವರು ಈರುಳ್ಳಿ ಮೂಸಿಸಿ ಅಂದರು. ಎರಡರಿಂದಲೂ ಉಪಯೋಗವಿಲ್ಲ.

ಜ್ವರದ ಫಿಟ್ಸ್ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಬರುವಂಥದ್ದು, ಮೂರ್ಛೆರೋಗವೇ ಬೇರೆ. ಬೇಗ ನಿಂತರೆ ಮೆದುಳಿಗೆ ತೊಂದರೆಯಾಗಲ್ಲ. ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತೆ, ತಯಾರಾಗಿರಿ. ಬಂದರೆ ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಬೇಡ, ಅದುಮಿ ಹಿಡಿಯಲೂ ಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಉಸಿರಿಗೆ ಕಷ್ಟಪಟ್ಟರೆ, ನಿಂತ ಮೇಲೂ ಎಚ್ಚರಾಗದಿದ್ದರೆ ತಕ್ಷಣ 108. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಅನ್ನೋ ಔಷಧಿಯ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಇವತ್ತು ರಾತ್ರಿ ಇಬ್ಬರೂ ಎದ್ದು ಕೂರಬೇಡಿ, ಪಾಳಿ ಹಾಕಿಕೊಳ್ಳಿ. ನಾವು ವಾರವಿಡೀ ಅವಳ ಉಸಿರು ಎಣಿಸುತ್ತಾ ಕೂತಿದ್ದೆವು.