ವ್ಯೂಫೈಂಡರಿನಲ್ಲಿ ಚಿತ್ರ ಸ್ಪಷ್ಟ, ಕ್ಯಾಸೆಟ್ಟಿನಲ್ಲಿ ಬರೀ ಚುಕ್ಕೆ: ಹೆಡ್ ಬದಲಿಸಬೇಕೇ, ಬೇರೆ ಕ್ಯಾಮೆರಾ ಕೊಳ್ಳಬೇಕೇ?

ಎರಡೂ ಬೇಡ. (ಹೆಡ್ ಎಂದರೆ ಟೇಪಿನ ಮೇಲೆ ಬರೆಯುವ, ಓದುವ ಸಣ್ಣ ಭಾಗ.) ನೀವು ಬರೆದದ್ದು ಇಷ್ಟು: ತಂದೆಯವರ ಕಾಲದ ವಿಡಿಯೋ 8 ಕ್ಯಾಮೆರಾ (8 ಮಿಲಿಮೀಟರ್ ಅಗಲದ ಟೇಪಿನದು), ವ್ಯೂಫೈಂಡರಿನಲ್ಲಿ ಎಲ್ಲವೂ ಸರಿ, ಕೌಂಟರ್ ಓಡುತ್ತದೆ, ಹಿಂದಕ್ಕೆ ತಿರುಗಿಸಿ ನೋಡಿದರೆ ಕಪ್ಪುಬಿಳಿ ಚುಕ್ಕೆಗಳು ಮತ್ತು ಬುಸ್ಸೆನ್ನುವ ಸದ್ದು. ಮುಂದಿನ ತಿಂಗಳು ತಮ್ಮನ ಉಪನಯನವನ್ನು ಅದರಲ್ಲೇ ತೆಗೆಯಬೇಕೆಂಬ ಆಸೆ. ಇಂಥದೇ ಕಥೆ ನಮ್ಮ ಮನೆಯಲ್ಲೂ ನಡೆದಿದೆ.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ. ಚಿಕ್ಕಪ್ಪ ದುಬೈಯಿಂದ ತಂದ ಕ್ಯಾಮೆರಾ ಇತ್ತು. ಆಟಿ ತಿಂಗಳ ಮಳೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಕಾಲ. ಮನೆಯ ಚಾವಡಿಯಲ್ಲಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಇಟ್ಟುಕೊಂಡಿದ್ದೆವು. ಸೋದರಮಾವ ವಾಲಿಯ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳುವವರಿದ್ದರು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಲ್ಲಿ ಬೇರೆಯವರು ಸ್ವರ ಏರಿಸಿದರೆ ಮಾವ ಇಳಿಸುತ್ತಿದ್ದರು. ಹಾಡುವ ಭಾಗವತರೂ ತಾಳ ಕೆಳಗಿಟ್ಟು ಅವರ ಮುಖ ನೋಡುತ್ತಿದ್ದರು. ಅದನ್ನು ಹಿಡಿದಿಡಬೇಕೆಂದೇ ಹೊಸ ಕ್ಯಾಸೆಟ್ ತರಿಸಿದ್ದೆ.

ಅಂದು ಬೆಳಿಗ್ಗೆ, ಕ್ಯಾಮೆರಾ ಓಡುತ್ತದೆಯೋ ಇಲ್ಲವೋ ಎಂದು ನೋಡಲು ಅಟ್ಟದ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ ಹಳೆಯ ಕ್ಯಾಸೆಟ್ ಒಂದನ್ನು ಹಾಕಿದೆ. ಎಲ್ಲವೂ ಕೆಟ್ಟದ್ದು ಇಲ್ಲಿ. ಆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಅಂಚಿಗೆ ಬಿಳಿ ಹುಡಿಯಂತಹದ್ದು ಕಾಣುತ್ತಿತ್ತು. ಧೂಳು ಎಂದುಕೊಂಡೆ. ಅದು ಬೂಷ್ಟು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಪುಸ್ತಕದ ರಟ್ಟಿಗೆ ಹಿಡಿಯುವ ಬೂಷ್ಟು ಟೇಪನ್ನು ಬಿಡುವುದಿಲ್ಲ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿತು. ಆಮೇಲೆ ಅಡ್ಡಗೆರೆಗಳು ಬಂದವು. ಕ್ಯಾಸೆಟ್ ಹಳತಾಗಿದೆ ಎಂದು ಹೊರತೆಗೆದೆ. ನಿಜವಾಗಿ ಹಾಳಾಗಿದ್ದು ಕ್ಯಾಮೆರಾದ ಹೆಡ್ಡು. ಹೊಸ ಕ್ಯಾಸೆಟ್ ಹಾಕಿ ವ್ಯೂಫೈಂಡರಿನಲ್ಲಿ ಕಣ್ಣಿಟ್ಟೆ. ಮಾವನ ಕಿವಿಯ ಒಂಟಿ ಕೂಡ ಎಣಿಸಿದಂತೆ ಕಾಣುತ್ತಿತ್ತು. ನಿಶ್ಚಿಂತೆಯಿಂದ ಇಡೀ ಪ್ರಸಂಗ ತೆಗೆದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ವ್ಯೂಫೈಂಡರನ್ನು ನಂಬಿದ್ದೀರಿ. ಅಲ್ಲಿ ಕಾಣುವುದು ಟೇಪಿನ ಮೇಲೆ ಬಿದ್ದ ಚಿತ್ರವಲ್ಲ. ಲೆನ್ಸಿನ ಹಿಂದಿನ ಸೆನ್ಸರ್ ಕಂಡದ್ದು ನೇರವಾಗಿ ಅಲ್ಲಿಗೆ ಬರುತ್ತದೆ. ಅದೇ ಸಂಕೇತ ಇನ್ನೊಂದು ದಾರಿಯಲ್ಲಿ ಹೆಡ್ಡಿಗೆ ಹೋಗುತ್ತದೆ; ಅದು ಟೇಪಿಗೆ ಇಳಿಯಿತೇ ಎಂದು ವ್ಯೂಫೈಂಡರಿಗೆ ಗೊತ್ತೇ ಆಗುವುದಿಲ್ಲ. ಹೆಡ್ಡುಗಳು ಒಂದು ಉರುಳೆಯ ಅಂಚಿನಲ್ಲಿವೆ. ನಮ್ಮ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ವಿಡಿಯೋ 8ರ ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಪ್ರತಿ ಅರ್ಧ ಸುತ್ತಿನಲ್ಲಿ ಒಂದು ಹೆಡ್ ಟೇಪಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆಯುತ್ತದೆ. ಆ ಗೆರೆಯ ಅಗಲ ತಲೆಕೂದಲಿನ ಸುಮಾರು ಅರ್ಧ. ಹೆಡ್ಡಿನ ಸೀಳಂತೂ ಒಂದು ಮೈಕ್ರೋಮೀಟರಿಗಿಂತಲೂ ಕಿರಿದು. ಬೂಷ್ಟಿನ ಒಂದು ಕಣ ಅಲ್ಲಿ ಅಂಟಿದರೆ ಮುಗಿಯಿತು: ಮಸಿ ಹೆಪ್ಪುಗಟ್ಟಿದ ಪೆನ್ನಿನಲ್ಲಿ ಬರೆದಂತೆ ಕೈ ಓಡುತ್ತದೆ, ಕಾಗದದಲ್ಲಿ ಅಕ್ಷರವಿಲ್ಲ.

ಧ್ವನಿಯಾದರೂ ಉಳಿಯಬಹುದಿತ್ತು. ತಾಳಮದ್ದಳೆಗೆ ಬೇಕಾದದ್ದು ಮಾತೇ ಅಲ್ಲವೇ? ವಿಎಚ್‌ಎಸ್ ಜಾತಿಯ ಕ್ಯಾಮೆರಾ ಆಗಿದ್ದರೆ ಉಳಿಯುತ್ತಿತ್ತು; ಅದರಲ್ಲಿ ಧ್ವನಿಗೆ ಟೇಪಿನ ಅಂಚಿನಲ್ಲಿ ಬೇರೆ ಪಟ್ಟಿ, ಬೇರೆ ಸ್ಥಿರವಾದ ಹೆಡ್ ಇದೆ. ವಿಡಿಯೋ 8ರಲ್ಲಿ ಧ್ವನಿಯೂ ಚಿತ್ರದ ಜೊತೆಗೇ ತಿರುಗುವ ಹೆಡ್ಡಿನಿಂದ ಬೀಳುತ್ತದೆ. ಎರಡೂ ಒಟ್ಟಿಗೆ ಹೋದವು. ಮರುವರ್ಷ ಮಾವನ ಸ್ವರ ಬಿದ್ದುಹೋಯಿತು, ಮತ್ತೆ ಅವರು ಅರ್ಥಕ್ಕೆ ಕೂರಲಿಲ್ಲ. ಆ ವಾಲಿಯನ್ನು ಕೇಳಿದವರು ಈಗ ನಮ್ಮ ಕಡೆ ಕೆಲವರೇ ಉಳಿದಿದ್ದಾರೆ. ಮೊದಲ ಪದ್ಯ ಮುಗಿದೊಡನೆ ರೆಕ್ ರಿವ್ಯೂ ಗುಂಡಿ ಒತ್ತಿದ್ದರೆ ಸಾಕಿತ್ತು. ಅದು ಕಡೆಯ ಕೆಲವು ಸೆಕೆಂಡುಗಳನ್ನು ಟೇಪಿನಿಂದಲೇ ಓದಿ ತೋರಿಸುತ್ತದೆ.

ಈಗ ನಿಮ್ಮ ವಿಷಯ. ಚಿತ್ರ, ಧ್ವನಿ ಎರಡೂ ಇಲ್ಲವೆಂದರೆ ಮೊದಲ ಅನುಮಾನ ಹೆಡ್ ಕೊಳೆಯಿಂದ ಕಟ್ಟಿಕೊಂಡಿದೆ ಎಂಬುದೇ, ಸವೆದಿದೆ ಎಂದಲ್ಲ. ತಕ್ಷಣ ಒಂದು ಕೆಲಸ ನಿಲ್ಲಿಸಿ: ತಂದೆಯವರ ಕ್ಯಾಸೆಟ್ಟುಗಳ ಮೇಲೆ ರೆಕಾರ್ಡಿಂಗ್ ಪರೀಕ್ಷೆ ಮಾಡಬೇಡಿ. ಅಳಿಸುವ ಹೆಡ್ ಬೇರೆಯೇ ಇದೆ. ಬರೆಯುವ ಹೆಡ್ ಕಟ್ಟಿಕೊಂಡಿದ್ದರೂ ಅದು ಅಳಿಸುತ್ತಲೇ ಹೋಗಬಹುದು. ಹಳೆಯದು ಹೋಗುತ್ತದೆ, ಹೊಸದು ಬರುವುದಿಲ್ಲ. ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಜಾರುಕೀಲನ್ನು ಕೆಂಪು ಕಾಣುವಂತೆ ಸರಿಸಿಡಿ, ಆಗ ಅದರ ಮೇಲೆ ಬರೆಯಲಾಗದು.

ಒಣ ಕ್ಲೀನಿಂಗ್ ಕ್ಯಾಸೆಟ್ ಸಿಕ್ಕಿದರೆ ಸುಮಾರು 10 ಸೆಕೆಂಡು ಓಡಿಸಿ, ನಿಲ್ಲಿಸಿ. ಅದು ಉಜ್ಜುವ ವಸ್ತು. ಸರಿಯಾಗಲಿಲ್ಲವೆಂದು ಓಡಿಸುತ್ತಲೇ ಇದ್ದರೆ ಹೆಡ್ಡೇ ಸವೆಯುತ್ತದೆ. ಬೂಷ್ಟಿಗೆ ಕೈಯಿಂದಲೇ ಒರೆಸಬೇಕಾದೀತು. ಮೊಬೈಲ್ ರಿಪೇರಿ ಅಂಗಡಿಯವರು ಇಟ್ಟುಕೊಳ್ಳುವ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ, 99 ಶೇಕಡಾದ್ದು. ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ. ನೂಲು ಬಿಡದ ಮೆತ್ತನೆಯ ಚರ್ಮದ ತುಂಡನ್ನು ಒದ್ದೆ ಮಾಡಿ ಉರುಳೆಗೆ ಹಗುರವಾಗಿ ತಾಗಿಸಿ ಅಲುಗದಂತೆ ಹಿಡಿಯಿರಿ. ಇನ್ನೊಂದು ಕೈಯ ಬೆರಳನ್ನು ಉರುಳೆಯ ನೆತ್ತಿಯಲ್ಲಿಟ್ಟು ನಿಧಾನವಾಗಿ ಅದನ್ನೇ ತಿರುಗಿಸಿ. ಆ ತುಂಡನ್ನು ಮೇಲೆ ಕೆಳಗೆ ಎಳೆದಿರೋ, ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಖಂಡಿತ ಬೇಡ, ಅದರ ನೂಲು ಸಿಕ್ಕಿಕೊಂಡು ತುದಿಯನ್ನೇ ಕಿತ್ತುಬಿಡುತ್ತದೆ. ಪೂರ್ತಿ ಆರುವವರೆಗೆ ಕ್ಯಾಸೆಟ್ ಹಾಕಬೇಡಿ. ಕೈ ನಡುಗುವುದಾದರೆ ಇದಕ್ಕೆ ಹೊರಡಲೇಬೇಡಿ, ಅಭ್ಯಾಸವಿರುವವರಿಗೆ ಕೊಡಿ.

ಪರೀಕ್ಷೆಗೆ ಖಾಲಿ ಕ್ಯಾಸೆಟ್ ಮಾತ್ರ ಬಳಸಿ. ಆಗಲೂ ಏನೂ ಬೀಳದಿದ್ದರೆ, ಆ ಕಾಲದ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಇನ್ನೊಂದು ರೋಗವಿದೆ: ಒಳಗಿನ ಕೆಪಾಸಿಟರುಗಳೆಂಬ ಸಣ್ಣ ವಿದ್ಯುತ್ ಬಿಡಿಭಾಗಗಳು ಸೋರಿ ಸರ್ಕಿಟ್ ಹಲಗೆಯನ್ನು ತಿನ್ನುವುದು. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಆದರೆ ನನ್ನನ್ನು ಕೇಳಿದರೆ, ಹೆಡ್ ಸರಿಹೋದರೂ ಉಪನಯನವನ್ನು ಅದರಲ್ಲಿ ತೆಗೆಯಬೇಡಿ. ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಉಪನಯನಕ್ಕೆ ನಿಮ್ಮ ಮೊಬೈಲು ಸಾಕು. ಬರೆಯುವ ಹೆಡ್ಡೇ ಓದುವ ಹೆಡ್ಡು, ಅದರ ಆಯುಷ್ಯಕ್ಕೆ ಮಿತಿಯಿದೆ. ಮನೆಯ ವಿಎಚ್‌ಎಸ್ ವಿಸಿಆರುಗಳನ್ನು ಕಡೆಯವರೆಗೂ ತಯಾರಿಸುತ್ತಿದ್ದ ಫುನಾಯಿ ಕಂಪನಿಯೇ 2016ರಲ್ಲಿ ನಿಲ್ಲಿಸಿತು. ವಿಡಿಯೋ 8 ಓದುವ ಯಂತ್ರವಂತೂ ಇನ್ನೂ ಅಪರೂಪ. ಉಳಿದಿರುವ ಗಂಟೆಗಳೆಲ್ಲ ತಂದೆಯವರ ಕ್ಯಾಸೆಟ್ಟುಗಳಿಗೆ ಮೀಸಲಾಗಲಿ. ಚಿತ್ರದ ಹಳದಿ, ಧ್ವನಿಯ ಬಿಳಿ ತಂತಿಗಳನ್ನು ಕಂಪ್ಯೂಟರಿನ ಕ್ಯಾಪ್ಚರ್ ಸಾಧನಕ್ಕೆ (ಟೇಪಿನದನ್ನು ಫೈಲಾಗಿಸುವಂಥದ್ದು) ಸಿಕ್ಕಿಸಿ, ಒಂದೊಂದನ್ನೂ ಒಂದೇ ಬಾರಿ ಓಡಿಸಿ ಇಳಿಸಿಕೊಳ್ಳಿ. ಹಾಕುವ ಮೊದಲು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಕಂಡರೆ ಹೊರಗಿಡಿ, ಅದನ್ನು ಮೊದಲು ಸ್ವಚ್ಛ ಮಾಡಿಸಬೇಕು. ಬೇರೆ ಯಂತ್ರ ಕೊಳ್ಳಲೇಬೇಕೆಂದಾದರೆ 1999ರ ನಂತರದ ಡಿಜಿಟಲ್ 8 ಕ್ಯಾಮೆರಾ ಹುಡುಕಿ. ಹಲವು ಮಾದರಿಗಳು ಹಳೆಯ ಕ್ಯಾಸೆಟ್ಟುಗಳನ್ನೂ ಓದುತ್ತವೆ, ಎಲ್ಲವೂ ಅಲ್ಲ, ಕೊಳ್ಳುವ ಮೊದಲು ಕೇಳಿ. ಅಮೆರಿಕದಿಂದ ಬಂದದ್ದಾದರೆ ಅಲ್ಲಿನ ಟಿವಿ ಪದ್ಧತಿ ಎನ್‌ಟಿಎಸ್‌ಸಿ ಇರುತ್ತದೆ, ಅದರಲ್ಲಿ ನಮ್ಮ ಪಾಲ್ ಕ್ಯಾಸೆಟ್ ಸರಿಯಾಗಿ ಕಾಣುವುದಿಲ್ಲ.

ಇದನ್ನೆಲ್ಲ ಮಳೆ ಬಿಟ್ಟ ಮೇಲೆ ಮಾಡಿ. ಕ್ಯಾಮೆರಾ ತೇವದ ಸೂಚನೆ ತೋರಿಸಿದರೆ ಬಲವಂತ ಮಾಡದೆ, ಕ್ಯಾಸೆಟ್ ತೆಗೆದು ಬಾಗಿಲು ತೆರೆದಿಟ್ಟು ಒಂದು ಗಂಟೆಯಾದರೂ ಬಿಡಿ. ಬೆಚ್ಚಗಿರಲೆಂದು ಅಡಿಗೆಮನೆಯ ಹೊಗೆಅಟ್ಟದಲ್ಲಿ ಇಡಬೇಡಿ, ಕರಿ ಒಳಗೆ ಹೋಗುತ್ತದೆ. ಕ್ಯಾಮೆರಾದ ಮಾದರಿ ಸಂಖ್ಯೆಯನ್ನೂ, ಬೇರೆ ಹಳೆಯ ಕ್ಯಾಸೆಟ್ಟುಗಳು ಈಗಲೂ ಅದರಲ್ಲಿ ಓಡುತ್ತವೆಯೇ ಎಂಬುದನ್ನೂ ಬರೆಯಿರಿ. ಓಡುತ್ತವೆಯಾದರೆ ತೊಂದರೆ ಬಹುಶಃ ಬರೆಯುವ ಸರ್ಕಿಟ್ಟಿನದು. ಆಗ ನೀವು ಹೆಡ್ಡನ್ನು ಮುಟ್ಟಲೇಬೇಕಾಗಿಲ್ಲ.