ಪಶುವೈದ್ಯ ತಜ್ಞರಿಗೆ ಮಾನ್ಯತೆ ಎಲ್ಲಿಂದ?

ಪ್ರಶ್ನೆ: ನಮ್ಮ ನಾಯಿಯ ಕಣ್ಣಿನ ತೊಂದರೆಗೆ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಅಮೆರಿಕದಲ್ಲಿರುವ ಮಗಳು ಅಲ್ಲಿನ ‘ಡಿಪ್ಲೊಮೇಟ್’ ನೇತ್ರತಜ್ಞರ ಅಭಿಪ್ರಾಯ ಕೇಳೋಣ ಎನ್ನುತ್ತಾಳೆ. ಡಿಪ್ಲೊಮಾ ಪದವಿಗಿಂತ ಕಿರಿದಲ್ಲವೇ? ಈ ತಜ್ಞರನ್ನು ಯಾರು ಮಾನ್ಯ ಮಾಡುತ್ತಾರೆ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಹೆಸರಿನ ಹೋಲಿಕೆಯಿಂದ ಹುಟ್ಟಿದ ಗೊಂದಲವಿದು. ಅಲ್ಲಿ ಡಿಪ್ಲೊಮೇಟ್ ಎಂದರೆ ಪಶುವೈದ್ಯ ಪದವಿಯ ನಂತರ ಹಲವು ವರ್ಷ ಹಿರಿಯ ತಜ್ಞರ ಕೈಕೆಳಗೆ ತರಬೇತಿ ಪಡೆದು, ಆ ವಿಭಾಗದ ತಜ್ಞ ಸಂಸ್ಥೆ ನಡೆಸುವ ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದವರು.

ಆದರೆ ಯಾರೋ ನಾಲ್ವರು ಸೇರಿ ತಜ್ಞ ಸಂಸ್ಥೆಯೆಂದು ಫಲಕ ಹಾಕಿದರೆ ಸಾಲದು. ಅಮೆರಿಕನ್ ಪಶುವೈದ್ಯಕೀಯ ಸಂಘದ ತಜ್ಞತಾ ಮಂಡಳಿಯೊಂದು, 1959ರಲ್ಲಿ ಸಲಹಾ ಮಂಡಳಿಯಾಗಿ ಆರಂಭವಾದದ್ದು, ಪ್ರತಿಯೊಂದು ಸಂಸ್ಥೆಯನ್ನೂ ಪರಿಶೀಲಿಸುತ್ತದೆ. ತಮ್ಮ ಕ್ಷೇತ್ರ ಈಗಾಗಲೇ ಇರುವ ವಿಭಾಗಗಳಿಗಿಂತ ಭಿನ್ನವೆಂದೂ, ಸಮಾಜಕ್ಕೆ ಅದರ ಅಗತ್ಯವಿದೆಯೆಂದೂ, ತರಬೇತಿ ಮತ್ತು ಪರೀಕ್ಷೆ ನ್ಯಾಯವಾಗಿ ನಡೆಯುವುದೆಂದೂ ಅರ್ಜಿದಾರರು ದಾಖಲೆಗಳಿಂದ ತೋರಿಸಬೇಕು. ವೃತ್ತಿಬಾಂಧವರ ಮತ್ತು ಸಾರ್ವಜನಿಕರ ಅಭಿಪ್ರಾಯವನ್ನೂ ಆಹ್ವಾನಿಸಲಾಗುತ್ತದೆ. ಇದು ನನಗೆ ಬಹಳ ಮೆಚ್ಚುಗೆಯಾದ ಕ್ರಮ. ಮೊದಲು ದೊರೆಯುವುದು ತಾತ್ಕಾಲಿಕ ಮಾನ್ಯತೆ, ಪೂರ್ಣ ಮಾನ್ಯತೆ ಆಮೇಲೆ. ಅನಂತರವೂ ವಾರ್ಷಿಕ ವರದಿ ಸಲ್ಲಿಸಬೇಕು, ಮರುಪರಿಶೀಲನೆಗೂ ಒಳಪಡಬೇಕು. ರೋಗನಿದಾನ ಶಾಸ್ತ್ರದ ಸಂಸ್ಥೆಗೆ, ಈ ಮಂಡಳಿ ಹುಟ್ಟುವ ಮೊದಲೇ, 1951ರಲ್ಲಿ ಸಂಘದ ಮಾನ್ಯತೆ ದೊರೆತಿತ್ತು; ನಿಮ್ಮ ಮಗಳು ಹೇಳಿದ ನೇತ್ರ ವಿಭಾಗಕ್ಕೂ ಮಾನ್ಯ ಸಂಸ್ಥೆಯಿದೆ.

ನಮ್ಮಲ್ಲಿ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ವೈದ್ಯರ ನೋಂದಣಿ ನಡೆಯುತ್ತದೆ. ವಿಷಯತಜ್ಞತೆಯನ್ನು ಸಾಮಾನ್ಯವಾಗಿ ಎಂ.ವಿ.ಎಸ್ಸಿ. ಎಂಬ ಪಶುವೈದ್ಯ ಸ್ನಾತಕೋತ್ತರ ಪದವಿಯಿಂದ ಗುರುತಿಸುತ್ತೇವೆ. ಆದುದರಿಂದ ನಿಮ್ಮ ವೈದ್ಯರ ಸ್ನಾತಕೋತ್ತರ ವಿಷಯ ಯಾವುದೆಂದು ಸಂಕೋಚವಿಲ್ಲದೆ ಕೇಳಿ. ಮಗಳು ಸೂಚಿಸಿದವರ ಅಭಿಪ್ರಾಯ ಪಡೆಯುವುದಾದರೆ ಇಲ್ಲಿನ ವೈದ್ಯರ ಮೂಲಕವೇ ಪರೀಕ್ಷಾ ವರದಿಗಳನ್ನು ಕಳುಹಿಸಿ. ನಾಯಿಯ ಕಣ್ಣನ್ನು ಕಣ್ಣಾರೆ ನೋಡಿದವರು ಅವರೇ.