ಅಮ್ಮನಿಗೆ ಎಚ್‌ಪಿವಿ-16 ಪಾಸಿಟಿವ್, ಪ್ಯಾಪ್ ನಾರ್ಮಲ್, ಸಿಎ-125 ಮಾತ್ರ 58. ಇದು ಕ್ಯಾನ್ಸರಾ?

ನಿಮ್ಮ ತಾಯಿಗೆ 54 ವರ್ಷ, ಮುಟ್ಟು ನಿಂತು ನಾಲ್ಕು ವರ್ಷ ಆಗಿದೆ, ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಈ ಮೂರೂ ರಿಪೋರ್ಟ್ ಬಂದಿವೆ, ವೈರಸ್‌ನಿಂದಲೇ ಸಿಎ-125 ಏರಿತಾ ಎಂದು ಕೇಳಿದ್ದೀರಿ. ಇಲ್ಲ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್, ಅದು ಮನೆ ಮಾಡುವುದು ಗರ್ಭಕೊರಳಿನ ಮೇಲ್ಪದರದ ಜೀವಕೋಶಗಳಲ್ಲಿ. ಸಿಎ-125 ಅಂಡಾಶಯ, ಗರ್ಭಕೋಶ, ಹೊಟ್ಟೆಯ ಒಳಪೊರೆ ಇಂಥ ಕಡೆಗಳಿಂದ ರಕ್ತಕ್ಕೆ ಸೇರುವ ಪ್ರೋಟೀನು. ಅಂಡಾಶಯದ ಕ್ಯಾನ್ಸರಿಗೆ ಎಚ್‌ಪಿವಿ ಕಾರಣವೂ ಅಲ್ಲ. ಹಾಗಾಗಿ ಎರಡನ್ನೂ ಗಂಟು ಹಾಕಬೇಡಿ. ಈ ರಿಪೋರ್ಟುಗಳಿಂದ ಕ್ಯಾನ್ಸರ್ ಇದೆ ಎನ್ನಲು ಬರುವುದಿಲ್ಲ, ಆದರೆ ಎರಡಕ್ಕೂ ಅದರದರದೇ ಮುಂದಿನ ಪರೀಕ್ಷೆ ಇದೆ. ಮೊದಲು ಮಾಡಿಸಬೇಕಾದದ್ದು ವೈರಸ್ಸಿನದು.

ಅಪಾಯಕಾರಿ ಎಚ್‌ಪಿವಿ ತಳಿಗಳು ಸುಮಾರು 14. ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಶೇ 70ರಷ್ಟಕ್ಕೆ 16 ಮತ್ತು 18 ಎರಡೇ ಕಾರಣ. ಉಳಿದ ತಳಿ ಆಗಿದ್ದು, ಗರ್ಭಕೊರಳಿನ ಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ನಾರ್ಮಲ್ ಇದ್ದರೆ ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡುವುದುಂಟು. 16 ಅಥವಾ 18 ಇದ್ದರೆ ಪ್ಯಾಪ್ ಏನೇ ಹೇಳಲಿ, ನೇರವಾಗಿ ಕಾಲ್ಪೊಸ್ಕೋಪಿ, ಅಂದರೆ ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುವ ಪರೀಕ್ಷೆ. ಪ್ಯಾಪ್‌ನಲ್ಲಿ ಕಾಣುವುದು ಬ್ರಷ್ಷಿಗೆ ಅಂಟಿದ ಕೋಶಗಳು ಮಾತ್ರ, ಅಂಟದೆ ಉಳಿದದ್ದರ ಬಗ್ಗೆ ಅದು ಏನೂ ಹೇಳದು. "ಆರು ತಿಂಗಳು ಬಿಟ್ಟು ಇನ್ನೊಂದು ಪ್ಯಾಪ್ ಮಾಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಾಲ್ಪೊಸ್ಕೋಪಿಯಲ್ಲಿ ಭಯಪಡುವಂಥದ್ದು ಏನಿಲ್ಲ. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಂ ಹಾಕಿ, ಗರ್ಭಕೊರಳಿಗೆ ಶೇ 3ರಿಂದ 5ರ ಅಸಿಟಿಕ್ ಆ್ಯಸಿಡ್ ಹಚ್ಚಿ, ಒಂದು ನಿಮಿಷ ಕಾಯುತ್ತಾರೆ. ಸ್ವಲ್ಪ ಉರಿಯುತ್ತದೆ, ಅಷ್ಟೇ. ಮಾರ್ಪಾಟಾದ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಅಯೋಡಿನ್ ಹಚ್ಚಿದರೆ ಆರೋಗ್ಯವಂತ ಕೋಶಗಳು ತಮ್ಮಲ್ಲಿರುವ ಗ್ಲೈಕೋಜನ್‌ನಿಂದಾಗಿ ಕಡುಕಂದು ಬಣ್ಣಕ್ಕೆ ತಿರುಗುತ್ತವೆ, ಕೆಟ್ಟ ಜಾಗ ಸಾಸಿವೆ ಹಳದಿಯಾಗಿಯೇ ಉಳಿಯುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದೇ ಬಯಾಪ್ಸಿ. ನಿಮ್ಮ ತಾಯಿಯ ವಯಸ್ಸಿನಲ್ಲಿ ಎಡವುವುದು ಇಲ್ಲಿಯೇ. ಕಾಯಿಲೆ ಶುರುವಾಗುವುದು ಎರಡು ಬಗೆಯ ಕೋಶಗಳು ಸೇರುವ ಗಡಿಯಲ್ಲಿ, ಮುಟ್ಟು ನಿಂತ ಮೇಲೆ ಆ ಗಡಿ ಕೊರಳಿನ ಕಾಲುವೆಯ ಒಳಕ್ಕೆ ಸರಿದುಬಿಡುತ್ತದೆ. ಹೊರಗೆ ಎಲ್ಲ ಚೆನ್ನಾಗಿ ಕಂಡರೆ ಸಾಲದು. "ಗಡಿ ಪೂರ್ತಿ ಕಂಡಿತಾ? ಕಾಣದಿದ್ದರೆ ಕಾಲುವೆಯ ಒಳಗಿನಿಂದ ಸ್ಯಾಂಪಲ್ ತೆಗೆದಿರಾ?" ಎಂದು ಕೇಳಿ, ಉತ್ತರವನ್ನು ರಿಪೋರ್ಟಿನಲ್ಲಿ ಬರೆಸಿಕೊಳ್ಳಿ. ಜಾಗ ತುಂಬಾ ಒಣಗಿದ್ದರೆ ಕೆಲವು ವಾರ ಈಸ್ಟ್ರೊಜನ್ ಕ್ರೀಮ್ ಕೊಟ್ಟು ನೋಡುವುದೂ ಇದೆ. ಅದನ್ನು ವೈದ್ಯರೇ ನಿರ್ಧರಿಸಲಿ.

ವೈರಸ್ಸೂ ಮಾರ್ಕರೂ (ಕಾಯಿಲೆಯ ಸುಳಿವು ಕೊಡುವ ಪ್ರೋಟೀನು) ನಿಜಕ್ಕೂ ಸಂಧಿಸುವುದು ರಕ್ತದಲ್ಲಲ್ಲ, ಈ ಬಯಾಪ್ಸಿಯ ತುಣುಕಿನಲ್ಲಿ. ವೈರಸ್ಸಿನ ಇ6 ಪ್ರೋಟೀನು ಕೋಶದ ಕಾವಲುಗಾರ ಪಿ53 ಅನ್ನು ನಾಶ ಮಾಡುತ್ತದೆ, ಇ7 ಆರ್‌ಬಿ ಎಂಬ ಬ್ರೇಕನ್ನು ಕೆಡಿಸುತ್ತದೆ. ಬ್ರೇಕ್ ಹೋದ ಕೋಶದಲ್ಲಿ ಪಿ16 ಎಂಬ ಪ್ರೋಟೀನು ರಾಶಿ ಬೀಳುತ್ತದೆ. ಪಿ16 ಹುಡುಕಲು ತುಣುಕಿಗೆ ಬಣ್ಣ ಹಾಕಿದಾಗ ಪದರದ ಬುಡದಿಂದಲೇ ಎಡೆಬಿಡದೆ ಕಂದು ಬಣ್ಣ ಹಿಡಿದರೆ ಅದು ಅಪಾಯದ ಮಾರ್ಪಾಟು. ಅಲ್ಲಲ್ಲಿ ಚುಕ್ಕೆ ಚುಕ್ಕೆ ಬಂದರೆ ಅದನ್ನು ಪಾಸಿಟಿವ್ ಎಂದು ಎಣಿಸುವುದಿಲ್ಲ. ಒಂದು ಎಚ್ಚರಿಕೆ: ಸೀರಸ್ ಎಂಬ ಬಗೆಯ ಅಂಡಾಶಯದ ಕ್ಯಾನ್ಸರಿನಲ್ಲಿ ಎಚ್‌ಪಿವಿ ಇಲ್ಲದೆಯೂ ಪಿ16 ಪಾಸಿಟಿವ್ ಬರುತ್ತದೆ, ಆದ್ದರಿಂದ ತುಣುಕು ಎಲ್ಲಿಂದ ತೆಗೆದದ್ದು ಎಂಬುದು ಮುಖ್ಯ.

ಇನ್ನು ಸಿಎ-125. 35 ಯೂನಿಟ್ ಗಡಿ. ಎಂಡೊಮೆಟ್ರಿಯೊಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು), ಗರ್ಭಕೋಶದ ಫೈಬ್ರಾಯ್ಡ್ ಗೆಡ್ಡೆ, ಲಿವರ್ ಸಿರೋಸಿಸ್, ಹೃದಯ ವೈಫಲ್ಯ ಇವುಗಳಲ್ಲೂ ಏರುತ್ತದೆ. ನಮ್ಮ ದೇಶದಲ್ಲಿ ಮರೆಯಲೇಬಾರದ್ದು ಹೊಟ್ಟೆಯ ಟಿಬಿ: ಹೊಟ್ಟೆಯಲ್ಲಿ ನೀರು ತುಂಬಿ, ಸಿಎ-125 ನೂರಾರು ದಾಟಿ, ಥೇಟ್ ಅಂಡಾಶಯದ ಕ್ಯಾನ್ಸರಿನಂತೆ ಕಾಣುತ್ತದೆ. ಇನ್ನೊಂದು ಕಡೆ, ಮೊದಲ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಿಎ-125 ನಾರ್ಮಲ್ಲೇ ಇರುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಲಕ್ಷಣವಿಲ್ಲದವರಿಗೆ ಸಿಎ-125 ನೋಡುತ್ತಾ ಹೋದರೂ ಸಾವು ಕಡಿಮೆಯಾಗಲಿಲ್ಲ. ಪ್ಯಾಕೇಜುಗಳಲ್ಲಿ ಇದನ್ನು ಸೇರಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಆದರೂ ಬಂದ 58 ಅನ್ನು ಕಡೆಗಣಿಸಬೇಡಿ, ಮುಟ್ಟು ನಿಂತವರಲ್ಲಿ ಅದಕ್ಕೆ ಬೆಲೆ ಹೆಚ್ಚು. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಮಾಡಿಸಿ. ಗೆಡ್ಡೆ ಕಂಡರೆ ಲೆಕ್ಕ ಹೀಗೆ: ಸ್ಕ್ಯಾನ್ ಅಂಕ, ಮುಟ್ಟಿನ ಅಂಕ, ಸಿಎ-125 ಮೂರನ್ನೂ ಗುಣಿಸಬೇಕು. ಗೆಡ್ಡೆಯೊಳಗೆ ಹಲವು ಕೋಣೆ, ಗಟ್ಟಿ ಭಾಗ, ಎರಡೂ ಕಡೆ ಗೆಡ್ಡೆ, ಹೊಟ್ಟೆಯಲ್ಲಿ ನೀರು, ಬೇರೆಡೆ ಹರಡಿದ ಗುರುತು ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಸೊನ್ನೆ, ಒಂದಿದ್ದರೆ 1, ಹೆಚ್ಚಿದ್ದರೆ 3. ಮುಟ್ಟು ನಿಂತವರಿಗೆ 3. ನಿಮ್ಮ ತಾಯಿಗೆ ಒಂದು ಗುರುತು ಇದ್ದರೆ 1×3×58, ಅಂದರೆ 174. ಎರಡಿದ್ದರೆ 522. 200 ದಾಟಿದರೆ ಸ್ತ್ರೀ ಕ್ಯಾನ್ಸರ್ ಶಸ್ತ್ರಚಿಕಿತ್ಸಕರ ಬಳಿಯೇ ಹೋಗಬೇಕು, ಬೆಂಗಳೂರಿನ ಕಿದ್ವಾಯಿಯಂಥ ಕಡೆ. ಅನುಮಾನದ ಅಂಡಾಶಯದ ಗೆಡ್ಡೆಗೆ ಸೂಜಿ ಚುಚ್ಚಿ ನೀರು ತೆಗೆಸಬೇಡಿ, ಕ್ಯಾನ್ಸರ್ ಆಗಿದ್ದರೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲಬಹುದು. ಸ್ಕ್ಯಾನ್ ಸ್ವಚ್ಛವಾಗಿದ್ದರೆ ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ, ಬೇರೆ ಲ್ಯಾಬಿನ ಅಂಕಿ ಹೋಲಿಕೆಗೆ ಬರುವುದಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಲ್ಯಾಬಿಗೆ ತಿಳಿಸಿ, ಕೆಲವು ಯಂತ್ರಗಳಲ್ಲಿ ಅಂಕಿ ಸುಳ್ಳಾಗಿ ಕೆಳಗಿಳಿಯುತ್ತದೆ.

ಗರ್ಭಕೊರಳಿಗೆಂದು ಎಸ್‌ಸಿಸಿ ಆ್ಯಂಟಿಜೆನ್ ಎಂಬ ರಕ್ತಪರೀಕ್ಷೆ ಮಾಡಿಸಲು ಹೇಳಿದ್ದಾರೆ ಎಂದಿರಿ. ಈಗ ಬೇಡ. ಕ್ಯಾನ್ಸರ್ ಖಚಿತವಾದ ಮೇಲೆ ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡಲು ಅದು ಬೇಕು. ಸೋರಿಯಾಸಿಸ್, ಕಿಡ್ನಿ ತೊಂದರೆ ಇದ್ದರೂ ಏರುತ್ತದೆ, ಸ್ಯಾಂಪಲ್ಲಿಗೆ ಎಂಜಲು ತಾಗಿದರೂ ಏರುತ್ತದೆ.

ಕೊನೆಗೆ, ಮನೆಯಲ್ಲಿ ಈ ವಿಷಯ ತಂದೆಯ ಮೇಲಿನ ಅನುಮಾನಕ್ಕೆ ತಿರುಗಿದೆ ಎಂದು ಬರೆದಿದ್ದೀರಿ. ಎಚ್‌ಪಿವಿ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಇದ್ದು ಈಗ ಪರೀಕ್ಷೆಯಲ್ಲಿ ಕಾಣಬಹುದು. ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳದು. ಇದನ್ನು ತಾಯಿಗೆ ಇವತ್ತೇ ಹೇಳಿ. ಹಾಗೆಯೇ ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ ರಕ್ತದ ಕಲೆ ಕಂಡಿತ್ತಾ ಎಂದೂ ಕೇಳಿ. ಹೌದು ಎಂದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಈ ವಾರವೇ ಕರೆದುಕೊಂಡು ಹೋಗಿ.